ರಜೆಯ ಲೆಕ್ಕ ಯಾರ ಖಾತೆಗೆ?

ರಜೆ ಎಂಬ ಪದ ಅರಬ್ಬಿ ಮೂಲದ್ದು. ಅಲ್ಲಿ ಅದಕ್ಕೆ ಸಮ್ಮತಿ, ಒಪ್ಪಿಗೆ ಎಂಬ ಅರ್ಥ. ಇಂಗ್ಲಿಷಿನ ‘ಲೀವ್’ ಪದದ ಹಳೆಯ ಅರ್ಥವೂ ಅಪ್ಪಣೆಯೇ. ಅಂದರೆ ರಜೆ ಇರಬೇಕಾದರೆ ಅದನ್ನು ಕೊಡುವ ಯಜಮಾನನೊಬ್ಬ ಮೊದಲು ಇರಬೇಕು. ಯಾದಗಿರಿ ಜಿಲ್ಲೆಯ ನಮ್ಮೂರು ಕೊಂಕಲ್‌ನಲ್ಲಿ ಹತ್ತಿ ಬಿಡಿಸಲು ಹೋಗುವ ಹೆಂಗಸಿಗೆ ಯಾರ ಅಪ್ಪಣೆಯೂ ಬೇಡ. ಕೂಸಿಗೆ ಜ್ವರ ಬಂದರೆ ಅವಳು ಹೊಲಕ್ಕೆ ಹೋಗುವುದಿಲ್ಲ, ಅಷ್ಟೆ. ಆ ದಿನದ ಕೂಲಿಯೂ ಬರುವುದಿಲ್ಲ. ರಜೆ ಕೊಡುವುದಿಲ್ಲ ಎಂದವರು ಯಾರೂ ಇಲ್ಲದ್ದರಿಂದ ದೂರು ಕೊಡಲು ಜಾಗವೂ ಇಲ್ಲ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ, ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ರಜೆ 26 ವಾರಕ್ಕೆ ಏರಿತು. ದೊಡ್ಡ ಹೆಜ್ಜೆಯೇ. ಆದರೆ ಅಂಗಡಿ, ಕಚೇರಿಯಾದರೆ ಕನಿಷ್ಠ 10 ಜನ ಕೆಲಸಕ್ಕಿರಬೇಕು. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಆ ಯಜಮಾನನಲ್ಲೇ ದುಡಿದಿರಬೇಕು. ಹಣವನ್ನೂ ಅವನೇ ಕೊಡಬೇಕು. ದೆಹಲಿ ಮಹಾನಗರಪಾಲಿಕೆಯ ದಿನಗೂಲಿ ಹೆಣ್ಣುಮಕ್ಕಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ, ಈ ಹಕ್ಕು ಕಾಯಂ ನೌಕರರಿಗೆ ಮಾತ್ರ ಸೇರಿದ್ದಲ್ಲ ಎಂದಿತು. ಅಲ್ಲಿ ಪಾಲಿಕೆ ಎಂಬ ಯಜಮಾನನಾದರೂ ಇದ್ದ. ನಮ್ಮಲ್ಲಿ ಇವತ್ತು ಒಬ್ಬರ ತೊಗರಿ, ನಾಳೆ ಇನ್ನೊಬ್ಬರ ಹತ್ತಿ. ಮೂರೆಕರೆಯ ರೈತನನ್ನು ಹಿಡಿದು 26 ವಾರದ ಕೂಲಿ ಕೊಡು ಎಂದರೆ ನ್ಯಾಯವಾದೀತೇ? ಅವನ ಹೆಂಡತಿಯೂ ಬೇರೆಯವರ ಹೊಲಕ್ಕೆ ಹೋಗುವವಳೇ.

ಹಾಗಾದರೆ ಸರ್ಕಾರ ಕೊಡಲಿ. ಕೊಡುತ್ತದೆ. 2013ರ ಆಹಾರ ಭದ್ರತಾ ಕಾಯ್ದೆ ತಾಯಿಗೆ ಕನಿಷ್ಠ 6,000 ರೂಪಾಯಿ ಎಂದು ಬರೆಯಿತು. 2017ರ ಮಾತೃ ವಂದನಾ ಯೋಜನೆ ಮೊದಲ ಮಗುವಿಗೆ 5,000 ರೂಪಾಯಿ ಎಂದಿತು. ಅದನ್ನು 26 ವಾರಕ್ಕೆ ಹಂಚಿ ನೋಡಿ: ದಿನಕ್ಕೆ 27 ರೂಪಾಯಿ ಚಿಲ್ಲರೆ.

ನಗರದ ಚರ್ಚೆಗಳಲ್ಲಿ ‘ಹೊಂದಿಕೊಳ್ಳುವ ಕೆಲಸದ ವೇಳೆ’ಯನ್ನು ಪರಿಹಾರವೆಂದು ಹೇಳುವುದನ್ನು ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತದೆ. ಹತ್ತಿ ಬಿಡಿಸುವುದಕ್ಕಿಂತ ಹೊಂದಿಕೊಳ್ಳುವ ಕೆಲಸ ಯಾವುದಿದೆ? ಕಿಲೋ ಲೆಕ್ಕದಲ್ಲಿ ಕೂಲಿ. ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ, ಕೂಸು ಅತ್ತಾಗ ಎದ್ದು ಹೋಗಿ ಹಾಲೂಡಿಸಬಹುದು. ಎದ್ದು ಹೋದಷ್ಟೂ ಹೊತ್ತು ತಕ್ಕಡಿ ಹಗುರವಾಗುತ್ತದೆ. ಕೂಲಿಯ ಖಾತ್ರಿ ಇಲ್ಲದ ಕಡೆ ಹೊಂದಿಕೊಳ್ಳುವವಳು ತಾಯಿ ಮಾತ್ರ.

ಇಷ್ಟಾದರೂ ಕೂಸುಗಳು ಬೆಳೆಯುತ್ತವಲ್ಲ! ಯಾರೋ ಒಬ್ಬರು ರಜೆ ಹಾಕಿಯೇ ಹಾಕಿರುತ್ತಾರೆ. ತವರಿನಲ್ಲಿ ಬಾಣಂತನ ಮಾಡುವ ಅಜ್ಜಿ ಹಾಕುತ್ತಾಳೆ. ಅವ್ವ ಹೊಲಕ್ಕೆ ಮರಳಿದ ಮೇಲೆ ಹಿರಿಮಗಳು ಹಾಕುತ್ತಾಳೆ. ನನ್ನನ್ನು ಎತ್ತಿಕೊಳ್ಳಲೆಂದು ನನ್ನ ಅಕ್ಕ ಐದನೇ ತರಗತಿಗೆ ಶಾಲೆ ಬಿಟ್ಟಳು. ಅರ್ಜಿ ಇಲ್ಲ, ಸಹಿ ಇಲ್ಲ, ಮರಳಿ ಹಾಜರಾಗುವ ತಾರೀಖೂ ಇಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಬಡತನ, ಗುಳೆ, ಬಾಲ್ಯವಿವಾಹ ಎಂದು ಕಾರಣ ಹೇಳುವಾಗ ಕಂಕುಳಲ್ಲಿ ತಮ್ಮನನ್ನೋ ತಂಗಿಯನ್ನೋ ಹೊತ್ತ ಹುಡುಗಿಯನ್ನೂ ಲೆಕ್ಕಕ್ಕೆ ತರಬೇಕೆಂದು ನನ್ನ ವಾದ. ಈಗ ನಾನು ಪಿಎಚ್‌.ಡಿ ವಿದ್ಯಾರ್ಥಿನಿ, ಸಂಶೋಧಕಿಯರಿಗೆ ಯುಜಿಸಿ ನಿಯಮದಲ್ಲಿ 240 ದಿನಗಳ ಹೆರಿಗೆ ಅಥವಾ ಶಿಶುಪಾಲನಾ ರಜೆಯ ಅವಕಾಶವಿದೆ. ಅಕ್ಕನಿಗೆ ಅದನ್ನು ವಿವರಿಸಿದಾಗ ಅವಳು ಕೇಳಿದ್ದು ಒಂದೇ: “ಆಮ್ಯಾಲ ವಾಪಸ್ ತೊಗೋತಾರ?”

ಇದೆಲ್ಲ ಪ್ರೀತಿಯಿಂದ ಮಾಡುವುದು, ಇದಕ್ಕೆ ಬೆಲೆ ಕಟ್ಟಬಾರದು ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಅಕ್ಕ ನನ್ನನ್ನು ಪ್ರೀತಿಯಿಂದಲೇ ಎತ್ತಿಕೊಂಡಿದ್ದಳು. ಆದರೆ ಆ ಪ್ರೀತಿಗೆ ಹತ್ತು ವರ್ಷದ ಹುಡುಗಿಯ ಶಾಲೆಯೇ ಏಕೆ ಅಡವಾಗಬೇಕಿತ್ತು? 2005ರ ಉದ್ಯೋಗ ಖಾತ್ರಿ ಕಾಯ್ದೆಯ ಒಂದು ಕಲಮು ನನಗೆ ಇಲ್ಲಿ ನೆನಪಾಗುತ್ತದೆ. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ, ಅವರನ್ನು ನೋಡಿಕೊಳ್ಳಲು ಕೂಲಿಯವರಲ್ಲೇ ಒಬ್ಬಳನ್ನು ನೇಮಿಸಿ, ಮಣ್ಣು ಅಗೆಯುವವರಿಗೆ ಕೊಡುವಷ್ಟೇ ಕೂಲಿ ಕೊಡಬೇಕೆಂದಿತ್ತು. ಕೂಸು ಹಿಡಿಯುವುದೂ ಗುದ್ದಲಿ ಹಿಡಿಯುವುದೂ ಅಲ್ಲಿ ಒಂದೇ ಸಾಲಿನಲ್ಲಿ ಬಂದವು. ಅದರಿಂದ ಯಾರ ಪ್ರೀತಿಯೂ ಕಡಿಮೆಯಾಗಲಿಲ್ಲ. ಕರ್ನಾಟಕ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಇದೇ ದಾರಿಯ ಮುಂದಿನ ಹೆಜ್ಜೆ. ರಜೆ ಕೊಡುವ ಯಜಮಾನನಿಲ್ಲದ ಕಡೆ ಪಂಚಾಯಿತಿ ಆ ಜಾಗಕ್ಕೆ ಬಂದು ನಿಂತದ್ದು ನನಗೆ 26 ವಾರಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಆದರೆ ಜ್ವರ ಬಂದ ಕೂಸನ್ನು ಕೂಸಿನ ಮನೆಗೆ ಬಿಡಲಾಗುವುದಿಲ್ಲ. ಹಾಸಿಗೆ ಹಿಡಿದ ಅತ್ತೆಗಂತೂ ಅಂಥ ಮನೆಯೇ ಇಲ್ಲ. ಆ ದಿನಗಳ ಕೂಲಿಯನ್ನು ಯಾವ ಖಾತೆಯಿಂದ ತೆಗೆಯಬೇಕು ಎಂದು ಯಾವ ಕಾಯ್ದೆಯೂ ಇನ್ನೂ ಹೇಳಿಲ್ಲ.