ಒಡ್ಡ ಸಿದ್ಧರಾಮ ಮತ್ತು ಗಾಡಿಗೆ ಕಟ್ಟುವ ಜೆಸಿಬಿ

ಅಲ್ಲಮಪ್ರಭು ಸೊನ್ನಲಿಗೆಗೆ ಬಂದಾಗ ಸಿದ್ಧರಾಮನ ಕೆರೆಯ ಕೆಲಸ ಭರದಿಂದ ನಡೆದಿತ್ತು. ಶರಣರ ಕಥೆ ಹೇಳುವ ಶೂನ್ಯಸಂಪಾದನೆಯ ಪ್ರಕಾರ ಅಲ್ಲಮ ಬಾಯಿಬಿಟ್ಟದ್ದೇ ಕೆಣಕಲಿಕ್ಕೆ. ಸಿದ್ಧರಾಮನನ್ನು ಮಣ್ಣು ಅಗೆಯುವ ಒಡ್ಡನೆಂದು ಕರೆದು, ಅವನೆಲ್ಲಿ ಎಂದು ಕೇಳಿದ. ಗುರುವಿಗೆ ಆದ ಅವಮಾನ ಸಹಿಸದೆ ಮಣ್ಣು ಹೊರುತ್ತಿದ್ದವರು ಕಲ್ಲು ತೂರಿದರು. ಸುದ್ದಿ ಕೇಳಿ ಬಂದ ಸಿದ್ಧರಾಮ ಹಣೆಗಣ್ಣನ್ನೇ ತೆರೆದ. ಅಲ್ಲಮನ ಕೂದಲೂ ಕೊಂಕಲಿಲ್ಲ. ಆ ಸೊನ್ನಲಿಗೆ ಇಂದಿನ ಸೊಲ್ಲಾಪುರ, ಕಲಬುರಗಿ ಜಿಲ್ಲೆಯ ಆಳಂದ ಸೀಮೆಯ ಪಡುವಣ ನೆರೆ. ಆ ಕೆರೆ ಇಂದಿಗೂ ಅಲ್ಲಿದೆ, ಸಂಕ್ರಾಂತಿಗೆ ಅದರ ದಂಡೆಯ ಮೇಲೆ ಜಾತ್ರೆ ಕೂಡುತ್ತದೆ. ಅಗೆಯುವ ಕೆಲಸಕ್ಕೂ ಅರಿವಿಗೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ಇದಕ್ಕಿಂತ ನೇರವಾಗಿ ಕೇಳಿದ ಇನ್ನೊಂದು ಪ್ರಸಂಗ ಇಲ್ಲ. ಆದ್ದರಿಂದ, ಆಳಂದ ಸೀಮೆಯ ಸರಸಂಬಾದಂಥ ಊರಿನಲ್ಲಿ ಒಬ್ಬರು ಟ್ರ್ಯಾಕ್ಟರಿಗೋ ಜೀಪಿಗೋ ಕೊಂಡಿ ಹಾಕಿ ಎಳೆದೊಯ್ಯುವ ಸಣ್ಣ ಅಗೆಯುವ ಯಂತ್ರವನ್ನು ಕೊಳ್ಳಬೇಕೋ ಬೇಡವೋ, ಕೊಂಡರೆ ಎಂಥದ್ದು ಎಂದು ಯೋಚಿಸುತ್ತ ಕೂತಿದ್ದರೆ, ಅವರು ಬರೀ ಬೆಲೆಪಟ್ಟಿ ನೋಡುತ್ತಿಲ್ಲ. ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ಹಳೆಯ ಪ್ರಶ್ನೆಯ ಮುಂದೆ ನಿಂತಿದ್ದಾರೆ.

ಮೊದಲು ಯಂತ್ರದ ಗುಣ ತಿಳಿಯಬೇಕು, ಇಲ್ಲವಾದರೆ ತತ್ವ ಗಾಳಿಯಲ್ಲಿ ತೇಲುತ್ತದೆ. ನಮ್ಮ ಕಡೆ ಅಗೆಯುವ ಯಂತ್ರಕ್ಕೆಲ್ಲ ಜೆಸಿಬಿ ಎಂದೇ ಹೆಸರು. ಚೈನಿನ ಮೇಲೆ ಹರಿಯುವುದಾದರೆ ಹಿಟಾಚಿ. ಎರಡೂ ಕಂಪನಿಯ ಹೆಸರುಗಳು, ಎರಡೂ ಈಗ ರೂಢನಾಮಗಳು. ಜೆಸಿಬಿ ಎಂಬುದು 1945ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ಖಾನೆ ಶುರು ಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬವರ ಹೆಸರಿನ ಮೊದಲಕ್ಷರಗಳು ಎಂದು ಬಾಡಿಗೆ ಮಾತಾಡುವವರು ಯಾರೂ ನೆನೆಯುವುದಿಲ್ಲ. ಊರಲ್ಲಿ ಓಡಾಡುವ ಹಳದಿ ಜೆಸಿಬಿ ಏಳು ಟನ್ ಮೀರಿ ತೂಗುತ್ತದೆ, ನಾಲ್ಕು ಮೀಟರ್‌ಗಿಂತ ಆಳಕ್ಕೆ ಕೈ ಇಳಿಸುತ್ತದೆ. ಎಳೆದೊಯ್ಯುವ ಸಣ್ಣ ಯಂತ್ರ ಅದರ ಹತ್ತನೇ ಒಂದು ಪಾಲು ತೂಗಿದರೆ ಹೆಚ್ಚು. ಎರಡು ಗಾಲಿ, ಪಂಪ್‌ಸೆಟ್ಟಿನ ಗಾತ್ರದ ಒಂದು ಎಂಜಿನ್, ಕೂರಲು ಒಂದು ಸೀಟು, ಅಕ್ಕಪಕ್ಕ ನೆಲಕ್ಕೆ ಊರುವ ಕಾಲು, ಎರಡು ಮೀಟರ್ ಆಸುಪಾಸು ಇಳಿಯುವ ಕೈ. ಅದಕ್ಕೆ ಸ್ವಂತ ನಡಿಗೆ ಇಲ್ಲ. ಕೆಲಸದ ಜಾಗದಲ್ಲಿ ಮುಂದೆ ಹೋಗಬೇಕಾದರೆ ತನ್ನ ಬಕೆಟ್ಟನ್ನೇ ನೆಲಕ್ಕೆ ಊರಿ ಮೈಯನ್ನು ಎಳೆದುಕೊಳ್ಳಬೇಕು. ನೋಡುವವರಿಗೆ ನಗು ಬರಬಹುದು. ಆದರೆ ಒಬ್ಬ ಮನುಷ್ಯನ ಅಳತೆಗೆ ಹತ್ತಿರವಾದ ಯಂತ್ರ ಅಂದರೆ ಇದೇ.

ಅಲ್ಲಮ, ಸಿದ್ಧರಾಮರಂಥ ಶರಣರ ಕಾಯಕದ ಕಲ್ಪನೆಗೆ ಈ ಯಂತ್ರ ಒಗ್ಗುತ್ತದೆಯೇ? ಕೂಡಲೇ ಬರುವ ಆಕ್ಷೇಪ: ಕಾಯಕ ಎಂಬ ಮಾತಿನಲ್ಲೇ ಕಾಯ ಇದೆ, ಮೈ ಬೆವರದೆ ಕಾಯಕವೆಲ್ಲಿ. ಕೇಳಲು ಸರಿ ಎನಿಸುವ ಈ ವಾದ ಶರಣರ ಕಥೆಗಳನ್ನು ಬಿಡಿಸಿ ನೋಡಿದರೆ ನಿಲ್ಲುವುದಿಲ್ಲ. ನುಲಿಯ ಚಂದಯ್ಯ ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ನಡೆಸುತ್ತಿದ್ದವನು. ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಲಿಂಗವನ್ನು ಅವನು ಲೆಕ್ಕಿಸಲಿಲ್ಲ. ಕೊನೆಗೆ ಲಿಂಗವೂ ಕಾಯಕ ಮಾಡಬೇಕಾಯಿತು ಎಂಬುದು ಕಥೆಯ ಹುರುಳು. ಅಲ್ಲಿ ಮುಖ್ಯವಾದದ್ದು ಕೆಲಸದ ಹೊಣೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸದೆ ಇರುವುದು. ಬೆವರಿನ ಹನಿ ಎಣಿಸುವ ಗೊಡವೆ ಆ ಕಥೆಗೆ ಇಲ್ಲ. ಆಯ್ದಕ್ಕಿ ಮಾರಯ್ಯನ ಕಥೆಯಂತೂ ಇನ್ನೂ ತೀಕ್ಷ್ಣ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ ಅವನು ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದಳು. ಮಾರಯ್ಯ ಹೆಚ್ಚು ಬಗ್ಗಿದ್ದ, ಹೆಚ್ಚು ಬೆವರಿದ್ದ. ಬೆವರೇ ಮಾನದಂಡವಾಗಿದ್ದರೆ ಲಕ್ಕಮ್ಮ ಹೊಗಳಬೇಕಿತ್ತು. ಅವಳು ಕೇಳಿದ್ದು ಅಳತೆಯನ್ನು: ಇಷ್ಟು ನಮಗೆ ಯಾಕೆ? ಲಿಂಗಸುಗೂರು ಸೀಮೆಯ ಅಮರೇಶ್ವರದ ಈ ಹೆಣ್ಣುಮಗಳು ಕಾಯಕಕ್ಕೆ ಹಾಕಿಕೊಟ್ಟ ಒರೆಗಲ್ಲು ಇದು. ಯಂತ್ರ ಕೊಳ್ಳುವವರಿಗೂ ಇದಕ್ಕಿಂತ ಒಳ್ಳೆಯ ಒರೆಗಲ್ಲು ಸಿಗಲಾರದು.

ಒರೆ ಹಚ್ಚಿ ನೋಡೋಣ. ಮೇಲೆ ಹನ್ನೆರಡು ಮೀಟರ್ ಚೌಕ, ಬುಡದಲ್ಲಿ ಆರು ಮೀಟರ್ ಚೌಕ, ಆಳ ಮೂರು ಮೀಟರ್ ಇರುವ ಇಳಿಜಾರು ದಂಡೆಯ ಕೃಷಿ ಹೊಂಡವೊಂದಕ್ಕೆ 252 ಘನ ಮೀಟರ್ ಮಣ್ಣು ತೆಗೆಯಬೇಕು. ಆಳೊಬ್ಬ ದಿನಕ್ಕೆ ಎರಡು ಘನ ಮೀಟರ್ ಅಗೆದು ಮೇಲೆ ಹಾಕುತ್ತಾನೆ ಎಂದು ಹಿಡಿದರೆ 126 ಆಳಿನ ದಿನ. ಸಣ್ಣ ಯಂತ್ರ ತಾಸಿಗೆ ಎರಡೂವರೆ ಘನ ಮೀಟರ್ ತೆಗೆದರೂ ಸುಮಾರು ನೂರು ತಾಸು. ಅದೂ ಅಲ್ಲದೆ ಮೂರು ಮೀಟರ್ ಆಳಕ್ಕೆ ಅದರ ಕೈ ಒಂದೇ ಸಲಕ್ಕೆ ಎಟುಕುವುದೂ ಇಲ್ಲ. ದೊಡ್ಡ ಜೆಸಿಬಿಗೆ ಇದು ಒಂದು, ಒಂದೂವರೆ ದಿನದ ಮಾತು. ಹಾಗಾಗಿ ಹೊಂಡ ಅಗೆಸುವುದಕ್ಕೆಂದೇ ಸಣ್ಣ ಯಂತ್ರ ಕೊಳ್ಳುವವರು ತಪ್ಪು ಲೆಕ್ಕ ಹಾಕಿದ್ದಾರೆ. ಬಾಡಿಗೆಗೆ ದೊಡ್ಡದನ್ನು ಕರೆಸಿ ಕಳಿಸುವುದೇ ಮೇಲು. ಇನ್ನೊಂದು ಕೆಲಸ ನೋಡಿ: ಬಾವಿಯಿಂದ ಹೊಲಕ್ಕೆ ನೂರು ಮೀಟರ್ ಪೈಪು ಹೂಳಬೇಕು, ಅಗಲ ಅರ್ಧ ಮೀಟರಿಗೂ ಕಡಿಮೆ, ಆಳ ಒಂದು ಮೀಟರಿಗೂ ಕಡಿಮೆ, ಮಣ್ಣು ಸುಮಾರು 40 ಘನ ಮೀಟರ್. ಆಳಿಗೆ ಇಪ್ಪತ್ತು ದಿನ, ಸಣ್ಣ ಯಂತ್ರಕ್ಕೆ ಎರಡು ದಿನ. ಏಳು ಟನ್ನಿನ ಯಂತ್ರ ಇದನ್ನು ಬೇಗ ಮಾಡೀತು, ಆದರೆ ತೊಗರಿಯ ಸಾಲು ತುಳಿದು, ಬದು ಕೆಡಿಸಿ, ಅಂಗೈಯಗಲದ ಪೈಪಿಗೆ ಎತ್ತು ಬೀಳುವಷ್ಟು ತೆಗ್ಗು ತೋಡಿ ಹೋದೀತು. ಪಾಯಿಖಾನೆಯ ಗುಂಡಿ, ಓಣಿಯ ಚರಂಡಿ, ನಳದ ಪೈಪಿನ ಕಾಲುವೆ, ಗಿಡದ ಕುಣಿ, ಹೂಳು ತುಂಬಿದ ಬದುಗಾಲುವೆ: ಊರಿನ ಅಗೆತದಲ್ಲಿ ಹೆಚ್ಚಿನದು ಇಂಥದ್ದೇ. ದೊಡ್ಡದು ಹೊಗಲಾರದ, ಕೈಯಿಂದ ಬೇಗ ಮುಗಿಯದ ಈ ನಡುವಿನ ಕೆಲಸದಲ್ಲೇ ಸಣ್ಣ ಯಂತ್ರದ ನ್ಯಾಯ ಇದೆ.

ಹೆಚ್ಚು ತೂಕದ ಆಕ್ಷೇಪ ಬೇರೆಯದು: ಆ ಇಪ್ಪತ್ತು ದಿನದ ಕೂಲಿ ಯಾರದು? ಎರಡು ದಿನದ ಡೀಸೆಲ್ಲಿಗೆ ಅದನ್ನು ಬಲಿ ಕೊಟ್ಟು ಕಾಯಕದ ಮಾತಾಡುವುದು ಬೂಟಾಟಿಕೆಯಲ್ಲವೇ? 2005ರ ಉದ್ಯೋಗ ಖಾತ್ರಿ ಕಾಯ್ದೆಯ ಅನುಸೂಚಿಯು ಗುತ್ತಿಗೆದಾರರನ್ನು ಹೊರಗಿಟ್ಟು, ಸಾಧ್ಯವಾದಷ್ಟೂ ಯಂತ್ರ ಬೇಡವೆಂದು ಬರೆದು, ವೆಚ್ಚದಲ್ಲಿ ನೂರಕ್ಕೆ 60 ಪಾಲಾದರೂ ಕೂಲಿಗೇ ಹೋಗಬೇಕೆಂದು ಕಟ್ಟುಮಾಡಿದ್ದು ಈ ಭಯದಿಂದಲೇ. ಭಯ ಸುಳ್ಳಲ್ಲ. ಮಳೆ ಕೈಕೊಟ್ಟ ವರ್ಷ ಆಳಂದ, ಅಫಜಲಪುರ, ಜೇವರ್ಗಿಯ ಜನ ಪುಣೆ, ಮುಂಬಯಿ, ಹೈದರಾಬಾದಿಗೆ ಗುಳೆ ಹೋಗುವಾಗ ಊರಿನ ಒಂದೊಂದು ಕೂಲಿ ದಿನವೂ ಬೆಲೆಯುಳ್ಳದ್ದು. ಕೂಲಿಗೆಂದೇ ಮೀಸಲಾದ ಕೆಲಸದಲ್ಲಿ ರಾತ್ರಿ ಯಂತ್ರ ಇಳಿಸಿ ಹಗಲು ಹಾಜರಿ ತುಂಬುವುದು ಕಳ್ಳತನ. ಯಂತ್ರ ಸಣ್ಣದು ಎಂಬ ಕಾರಣಕ್ಕೆ ಅದು ದಾಸೋಹ ಆಗುವುದಿಲ್ಲ. ಇಷ್ಟನ್ನು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ಮಣ್ಣು ಅಗೆಯುವುದು ಪವಿತ್ರ ಎಂದು ಹೇಳುವವರು ಯಾರು, ಅಗೆಯುತ್ತಿದ್ದವರು ಯಾರು? ತಲೆಮಾರುಗಳಿಂದ ಈ ನಾಡಿನ ಕೆರೆಕಟ್ಟೆ ತೋಡಿದ ಒಡ್ಡರು, ಇಂದಿನ ಭೋವಿ ಸಮುದಾಯ, ಸಿದ್ಧರಾಮನನ್ನು ಕುಲಗುರುವೆಂದು ಕಾಣುತ್ತದೆ. ಆ ದುಡಿಮೆಗೆ ಗೌರವ ಕೊಡುವುದು ಬೇರೆ, ಅವರ ಮಕ್ಕಳೂ ಗುದ್ದಲಿ ಹಿಡಿದೇ ಇರಲಿ ಎಂದು ಹಾರೈಸುವುದು ಬೇರೆ.

ಇದೇ ಜಾಗದಲ್ಲಿ ಗಾಂಧಿ, ಅಂಬೇಡ್ಕರ್ ಇಬ್ಬರೂ ನೆನಪಾಗಬೇಕು. ಗಾಂಧಿ 1909ರ ‘ಹಿಂದ್ ಸ್ವರಾಜ್’ನಲ್ಲಿ ಯಂತ್ರವನ್ನು ಪಾಪವೆಂಬಂತೆ ಕಂಡವರು; ಆದರೂ ಮುಂದೆ ಸಿಂಗರ್ ಹೊಲಿಗೆ ಯಂತ್ರವನ್ನು ಅಪವಾದವೆಂದು ಒಪ್ಪಿದರು, ಅದರ ಹಿಂದೆ ಸಿಂಗರನಿಗೆ ತನ್ನ ಹೆಂಡತಿಯ ಬೇಸರದ ಹೊಲಿಗೆಯನ್ನು ಹಗುರ ಮಾಡುವ ಪ್ರೀತಿ ಇತ್ತೆಂಬ ಕಾರಣ ಕೊಟ್ಟು. ಅಂಬೇಡ್ಕರ್ 1945ರಲ್ಲಿ ಪ್ರಕಟಿಸಿದ ಕಾಂಗ್ರೆಸ್ ಮತ್ತು ಗಾಂಧಿಯ ಕುರಿತ ಪುಸ್ತಕದಲ್ಲಿ ಈ ಇಡೀ ದಾರಿಯನ್ನೇ ತಿರಸ್ಕರಿಸಿದರು: ಬಿಡುವಿಲ್ಲದೆ ಸಂಸ್ಕೃತಿ ಇಲ್ಲ, ಯಂತ್ರವಿಲ್ಲದೆ ಬಡವನಿಗೆ ಬಿಡುವಿಲ್ಲ, ತಪ್ಪು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರಿಗೆ ಕಟ್ಟಿಕೊಟ್ಟ ಸಮಾಜದ್ದು ಎಂಬುದು ಅವರ ವಾದದ ತಿರುಳು. ಈ ವಿಷಯದಲ್ಲಿ ಅಂಬೇಡ್ಕರರ ಮಾತೇ ಗಟ್ಟಿ ಎಂದು ನನ್ನ ತೀರ್ಮಾನ. ಮಲದ ಗುಂಡಿಗೆ ಮನುಷ್ಯನನ್ನು ಇಳಿಸಬಾರದೆಂದು 2013ರಲ್ಲಿ ಕಾಯ್ದೆ ಬರಬೇಕಾದ ದೇಶದಲ್ಲಿ ಕೈಗೆಲಸದ ಮಹಿಮೆಯನ್ನು ಹಾಡುವವರು ಯಾರ ಕೈ ಎಂದು ಹೇಳಿ ಹಾಡಬೇಕು. ಆದರೆ ಗಾಂಧಿಯ ಆ ಅಪವಾದವನ್ನು ಬಿಟ್ಟುಕೊಡಬೇಕಿಲ್ಲ. ಹೊಲಿಗೆ ಯಂತ್ರ ಹೊಲಿಯುವವಳ ಮನೆಯಲ್ಲೇ ಇರುತ್ತದೆ. ಇಬ್ಬರನ್ನೂ ಕೂಡಿಸಿ ಓದಿದರೆ ಕೇಳಬೇಕಾದ್ದು ಇಷ್ಟೇ: ಯಂತ್ರ ಅಗೆಯುವವನ ಕೈಯಲ್ಲಿ ಇರುತ್ತದೋ, ಅಗೆಸುವವನ ಕೈಯಲ್ಲೋ?

ಇಲ್ಲಿಗೆ ಗಾತ್ರದ ಪ್ರಶ್ನೆ ಧರ್ಮದ ಪ್ರಶ್ನೆಯಾಗುತ್ತದೆ. ಏಳು ಟನ್ನಿನ ಯಂತ್ರ ಕೊಳ್ಳುವವನು ಬ್ಯಾಂಕಿನ ಕಂತಿಗಾಗಿ ದಿನವೂ ಅಗೆಯಲೇಬೇಕು. ಕೆಲಸ ಇಲ್ಲದಿದ್ದರೆ ಕೆಲಸ ಹುಟ್ಟಿಸಬೇಕು. ಹಳ್ಳದ ಮರಳು, ಗುಡ್ಡದ ಗರಸು, ಯಾರದೋ ಗೋಮಾಳದ ಮಣ್ಣು, ಹೀಗೆ ಕಂತಿನ ಹಸಿವು ನೆಲವನ್ನು ತಿನ್ನತೊಡಗುತ್ತದೆ. ಓಡಿಸುವವನು ಒಬ್ಬ, ಒಡೆಯನೊಬ್ಬ, ಅಗೆದದ್ದಕ್ಕೆ ಹೊಣೆ ಇಬ್ಬರಿಗೂ ಇಲ್ಲ. ಸಣ್ಣದರಲ್ಲಿ ಒಡೆಯನೇ ಸೀಟಿನ ಮೇಲೆ ಕೂರಬೇಕಾಗುತ್ತದೆ. ನುಲಿಯ ಚಂದಯ್ಯ ಕೇಳುವ ಹೊಣೆ ಅಲ್ಲಿ ತಾನಾಗಿ ಬರುತ್ತದೆ. ಸಣ್ಣ ಸಾಲದಿಂದ ಲೋಭ ಬರುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಬರುತ್ತದೆ. ಒಂದು ಹಿಡಿ ಅಕ್ಕಿಯಲ್ಲೇ ಲಕ್ಕಮ್ಮನಿಗೆ ಲೋಭ ಕಂಡಿತ್ತು. ಆದರೆ ಕಾಣುವಷ್ಟು ಹತ್ತಿರ ಇದ್ದದ್ದರಿಂದಲೇ ತಿದ್ದಲಿಕ್ಕೂ ಆಯಿತು.

ಹನ್ನೆರಡನೇ ಶತಮಾನದವರಿಗೆ ಹೈಡ್ರಾಲಿಕ್ ಪಂಪು ಗೊತ್ತಿರಲಿಲ್ಲ, ಅವರ ಬಾಯಿಗೆ ಈ ಮಾತು ತುರುಕುವುದು ನ್ಯಾಯವೇ ಎಂಬ ಪಂಡಿತರ ಸಂಶಯಕ್ಕೂ ಉತ್ತರ ಬೇಕು. ಯಂತ್ರದ ಬಗ್ಗೆ ಅವರು ಏನೂ ಹೇಳಿಲ್ಲ, ನಿಜ. ಆದರೆ ದೊಡ್ಡ ಅಗೆತದ ಬಗ್ಗೆ ಅವರಿಗೆ ಗೊತ್ತಿತ್ತು. ಸಿದ್ಧರಾಮನ ಕೈಕೆಳಗೆ ದುಡಿದ ಜನಸಮೂಹವೇ ಆ ಕಾಲದ ದೊಡ್ಡ ಯಂತ್ರ. ಅಲ್ಲಮ ಕೆರೆಯನ್ನು ಮುಚ್ಚಿಸಲಿಲ್ಲ; ನೀರು ಬೇಡ ಎನ್ನಲೂ ಇಲ್ಲ. ಕೆರೆ ಕಟ್ಟಿದೆ, ಗುಡಿ ಕಟ್ಟಿದೆ ಎಂಬ ‘ನಾನು’ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆದ. ಸಿದ್ಧರಾಮ ಕಲ್ಯಾಣಕ್ಕೆ ಹೋಗಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದದ್ದು ಈ ಅಳತೆಯ ನಂತರ. ಯಂತ್ರ ಆ ‘ನಾನು’ ಎಂಬುದನ್ನು ಸಾವಿರ ಪಟ್ಟು ಹಿಗ್ಗಿಸುವ ಸಾಧನ, ಹೊಸ ಜೆಸಿಬಿಗೆ ಕಟ್ಟುವ ಹೂವಿನ ಹಾರದ ಉದ್ದ ನೋಡಿದರೆ ಸಾಕು, ಹೆಚ್ಚು ಹೇಳಬೇಕಿಲ್ಲ.

ಇಂಥ ಯಂತ್ರದಿಂದ ಗೋರಿ ತೋಡುವ ವಿಷಯ ಮಾತ್ರ ಇಷ್ಟು ಸಲೀಸಾಗಿ ಬಗೆಹರಿಯುವುದಿಲ್ಲ. ಲಾಡ್ಲೆ ಮಶಾಕರ ದರ್ಗಾ ಇರುವ ಆಳಂದದಲ್ಲಿ ಲಿಂಗಾಯತರ ಸಮಾಧಿಯೂ ಮುಸಲ್ಮಾನರ ಖಬರೂ ಒಂದೇ ಕರಿಮಣ್ಣಿಗೆ ಇಳಿಯುತ್ತವೆ. ಶ್ರಾವಣದಲ್ಲಿ ಈ ಮಣ್ಣು ಅಂಟಾಗಿ ಸನಿಕೆ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಕುಣಿ ತೋಡುವ ನಾಲ್ಕು ಜನ ಸಿಗದ ಊರಲ್ಲಿ ಯಂತ್ರ ಬೇಡವೆನ್ನುವುದು ಕ್ರೌರ್ಯ. ಆದರೆ ಒಂದು ಮುಷ್ಟಿ ಮಣ್ಣನ್ನಾದರೂ ಕೈಯಿಂದ ಹಾಕುವ ರೂಢಿ ಸುಮ್ಮನೆ ಬಂದದ್ದಲ್ಲ. ಆಳವನ್ನು ಯಂತ್ರ ತೆಗೆಯಲಿ, ಒಳಗಿನ ಗೂಡನ್ನು ಕೈ ತಿದ್ದಲಿ ಎಂದರೆ ಎರಡಕ್ಕೂ ಮರ್ಯಾದೆ ಆದೀತು. ಅಗೆಯುವ ಯಂತ್ರ ಇರುವವರು ಈ ಕೆಲಸಕ್ಕೆ ಬಾಡಿಗೆ ಕೇಳಬಾರದು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಹೊಲದ ಜೋಳವನ್ನು ಹಕ್ಕಿಗಳಿಗೆ ಬಿಟ್ಟ ಕಥೆ ಹೇಳಿಕೊಳ್ಳುವ ಸೀಮೆ ಇದು. ತಿಂಗಳಿಗೆ ಎರಡು ತಾಸು ಡೀಸೆಲ್ ಆ ಲೆಕ್ಕಕ್ಕೆ ದೊಡ್ಡದಲ್ಲ.

ಹಾಗಾದರೆ ಕೊಳ್ಳಬಹುದೇ? ಕೊಳ್ಳಬಹುದು, ಆದರೆ ಒಬ್ಬರೇ ಬೇಡ. ಅಗೆತದಿಂದಲೇ ಬದುಕುವ ಮೂರು ನಾಲ್ಕು ಮನೆಗಳು ಕೂಡಿ ಕೊಂಡರೆ ಕೂಲಿ ಕಳೆದುಕೊಳ್ಳುವವರೂ ಯಂತ್ರದ ಒಡೆಯರೂ ಒಬ್ಬರೇ ಆಗುತ್ತಾರೆ, ಮೇಲಿನ ಆಕ್ಷೇಪದ ಹಲ್ಲು ಅರ್ಧ ಮುರಿಯುತ್ತದೆ. ಈಗಾಗಲೇ ಟ್ರ್ಯಾಕ್ಟರ್ ಇದ್ದವರು ಅದಕ್ಕೇ ಜೋಡಿಸುವ ಅಗೆಯುವ ಕೈಯನ್ನೂ ನೋಡಬೇಕು, ಅದು ಹೆಚ್ಚು ಗಟ್ಟಿ. ಎಂಜಿನ್ನಿನ ಬಿಡಿಭಾಗ ಆಳಂದದಲ್ಲೋ ಕಲಬುರಗಿಯಲ್ಲೋ ಸಿಗುವಂಥದ್ದಿರಲಿ. ಹೈಡ್ರಾಲಿಕ್ ಪೈಪು ಒಡೆದ ದಿನ ತತ್ವಶಾಸ್ತ್ರ ಕೆಲಸಕ್ಕೆ ಬರುವುದಿಲ್ಲ. ಊರುಗಾಲಿನ ಪಾದ ಅಗಲವಾಗಿರಲಿ, ಇಲ್ಲದಿದ್ದರೆ ಎರೆಮಣ್ಣಿನಲ್ಲಿ ಯಂತ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಕರಿಮಣ್ಣಿನ ಕೆಳಗೆ ಗರಸು, ಗರಸಿನ ಕೆಳಗೆ ಕರಿಗಲ್ಲು ಇರುವ ಹೊಲವೇ ನಮ್ಮಲ್ಲಿ ಹೆಚ್ಚು; ಆ ಕಲ್ಲಿಗೆ ಈ ಯಂತ್ರದ ಹಲ್ಲು ಇಳಿಯುವುದಿಲ್ಲ. ಎದೆಯುದ್ದ ಮೀರಿದ ಕಾಲುವೆಗೆ ಆಸರೆ ಕೊಡದೆ ಯಾರನ್ನೂ ಒಳಗೆ ಇಳಿಸಬಾರದು, ಕರಿಮಣ್ಣಿನ ಗೋಡೆ ಹೇಳದೆ ಕುಸಿಯುತ್ತದೆ. ಮಾರುವವರ ಅಂಗಳದಲ್ಲಿ, ಸಡಿಲ ಮಣ್ಣಿನಲ್ಲಿ ತೋರಿಸುವ ಆಟವನ್ನು ನಂಬಬೇಡಿ. ಶ್ರಾವಣದ ಹಸಿಯಲ್ಲಿ ಒಮ್ಮೆ, ಸುಗ್ಗಿ ಮುಗಿದ ಮೇಲೆ ಒಮ್ಮೆ ಯಂತ್ರವನ್ನು ನಿಮ್ಮ ಹೊಲಕ್ಕೇ ತರಿಸಿ, ಅದನ್ನು ಓಡಿಸಬೇಕಾದವರನ್ನೇ ಸೀಟಿನ ಮೇಲೆ ಕೂರಿಸಿ, ಸೊಂಟದಾಳದ ಒಂದು ಕುಣಿ ತೆಗೆಸಿ ನೋಡಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.