ಅಳಿಸುವುದು ಕಷ್ಟವಾಗಿಯೇ ಇರಲಿ

ಗಿಟ್‌ಹಬ್‌ನಲ್ಲಿ ಇಟ್ಟ ಕೋಡಿನ ಒಂದು ರೆಪಾಸಿಟರಿಯನ್ನು ಅಳಿಸಲು ಹೋಗಿ ನೋಡಿ, ಸುಲಭಕ್ಕೆ ಬಿಡುವುದಿಲ್ಲ. ಕೆಂಪು ಗುಂಡಿ ಒತ್ತಿದ ಮೇಲೂ ಎಚ್ಚರಿಸುತ್ತದೆ. ಕೊನೆಗೆ ಅದರ ಪೂರ್ತಿ ಹೆಸರನ್ನು ಒಂದಕ್ಷರವೂ ತಪ್ಪದಂತೆ ಟೈಪ್ ಮಾಡಿಸುತ್ತದೆ. ಯಾರೂ ಓದದ ನಾಲ್ಕು ಸಾಲಿನ ಕೋಡಿಗೂ ಇಷ್ಟು ಕಾವಲು ಇದೆ. ಅಳಿಸಿದ್ದು ಮರಳಿ ಬರುವುದಿಲ್ಲ ಎಂಬ ಭಯ ಪ್ರೋಗ್ರಾಮರುಗಳಿಗೆ ಅನುಭವದಿಂದ ಬಂದದ್ದು.

ಈ ಭಯವನ್ನು ಅವರು ಬೇರೆಯವರ ಪರವಾಗಿ ಪಟ್ಟಂತಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ತೆಗೆಯಬೇಕೆಂದು ನಮೂನೆ 7ರಲ್ಲಿ 6,018 ಆನ್‌ಲೈನ್ ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯೆನಿಸಿದ್ದು 24. ಉಳಿದ 5,994 ತಿರಸ್ಕೃತವಾದವು. ಬೂತ್ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಸಂಬಂಧಿಯ ಹೆಸರೇ ತೆಗೆಯುವ ಪಟ್ಟಿಯಲ್ಲಿ ಇರುವುದನ್ನು ಕಂಡು ಅನುಮಾನಪಟ್ಟದ್ದರಿಂದ ವಿಷಯ ಹೊರಬಿತ್ತು. ಅರ್ಜಿದಾರರೆಂದು ಯಾರ ಹೆಸರಿತ್ತೋ ಅವರೇ ನಮಗೇನೂ ಗೊತ್ತಿಲ್ಲ ಎಂದರು. ಇದೇ ಕ್ಷೇತ್ರದಲ್ಲಿ 2018ರ ಗೆಲುವಿನ ಅಂತರ 697 ಮತ ಎಂಬುದನ್ನು ನೆನೆದರೆ ಆ ಸಂಖ್ಯೆಯ ತೂಕ ತಿಳಿಯುತ್ತದೆ. ತುಂಬಿದ್ದು ಸಾಫ್ಟ್‌ವೇರೋ ಕೂಲಿಗೆ ಕೂತ ಕೈಗಳೋ, ಹಿಂದೆ ಇದ್ದವರು ಯಾರು, ಇದನ್ನೆಲ್ಲ ಕೋರ್ಟಿಗೆ ಬಿಡೋಣ. ನನ್ನ ಪ್ರಶ್ನೆ ಬೇರೆ: ಒಂದು ಅರ್ಜಿ ಬಂದಿದೆ ಎಂದರೆ ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಎಂದು ನಾವು ಏಕೆ ನಂಬುತ್ತೇವೆ?

ಕಾಗದದ ಕಾಲದಲ್ಲಿ ಈ ನಂಬಿಕೆಗೆ ಆಧಾರ ಶ್ರಮವೇ ಆಗಿತ್ತು. ತಹಶೀಲ್ದಾರ್ ಕಚೇರಿಗೆ ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು, ಸಹಿ ಹಾಕಬೇಕು. ಆರು ಸಾವಿರ ಸುಳ್ಳು ಅರ್ಜಿ ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಕಷ್ಟವೇ ಸಾಕ್ಷಿಯಾಗಿತ್ತು. ವೆಬ್ ಆ ಕಷ್ಟವನ್ನು ತೆಗೆಯಿತು, ಸಾಕ್ಷಿಯೂ ಜೊತೆಗೇ ಹೋಯಿತು. ಬ್ರೌಸರನ್ನು ಮನುಷ್ಯನಂತೆ ತಾನೇ ಓಡಿಸುವ ಸೆಲೆನಿಯಮ್ ಬಂದದ್ದು 2004ರಲ್ಲಿ. ಗೂಗಲ್‌ನ ಪಪೆಟಿಯರ್ 2017ರಲ್ಲಿ, ಮೈಕ್ರೋಸಾಫ್ಟ್‌ನ ಪ್ಲೇರೈಟ್ 2020ರಲ್ಲಿ ಬಂದವು. ಇವುಗಳ ಮುಖ್ಯ ಕೆಲಸ ವೆಬ್‌ಸೈಟ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು, ಒಳ್ಳೆಯ ಉಪಕರಣಗಳೇ. ಆದರೆ ಪರೀಕ್ಷೆಗಾಗಿ ಫಾರ್ಮ್ ತುಂಬುವ ಸ್ಕ್ರಿಪ್ಟಿಗೂ ಮೋಸಕ್ಕಾಗಿ ತುಂಬುವ ಸ್ಕ್ರಿಪ್ಟಿಗೂ ಕೋಡಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಿಂದೆ ಅಂಥದ್ದನ್ನು ಬರೆಯಲು ಕಲಿತಿರಬೇಕಿತ್ತು. ಈಗ ಏನು ಬೇಕೆಂದು ಹೇಳಿದರೆ ಎಐ ಬರೆದುಕೊಡುತ್ತದೆ. ಕನ್ನಡದಲ್ಲಿ ಹೇಳಿದರೂ ಆದೀತು.

ಹೀಗೆ ಬರೆಯುವ ಖರ್ಚು ಇಳಿದಂತೆ ಪರಿಶೀಲಿಸುವ ಖರ್ಚು ಇಳಿಯಲಿಲ್ಲ. ಆ 6,018 ಹೆಸರುಗಳನ್ನು ಪರಿಶೀಲಿಸಲು ನಡೆದೇ ಹೋಗಬೇಕಿತ್ತು, ಬಾಗಿಲು ತಟ್ಟಿ ಕೇಳಬೇಕಿತ್ತು. ತಂತ್ರಜ್ಞರ ಲೋಕವೂ ಇದೇ ಸಂಕಟದಲ್ಲಿದೆ. ಜಗತ್ತಿನ ಅಸಂಖ್ಯ ಸಾಧನಗಳಲ್ಲಿ ಬಳಕೆಯಾಗುವ ಕರ್ಲ್ ಎಂಬ ಮುಕ್ತ ತಂತ್ರಾಂಶದ ರೂವಾರಿ ಡೇನಿಯಲ್ ಸ್ಟೆನ್‌ಬರ್ಗ್, ಎಐ ಬರೆದ ಸುಳ್ಳು ದೋಷವರದಿಗಳನ್ನು ಓದಿ ಓದಿ ಬೇಸತ್ತು, ದೋಷ ಹುಡುಕಿದವರಿಗೆ ಕೊಡುತ್ತಿದ್ದ ಬಹುಮಾನವನ್ನೇ ನಿಲ್ಲಿಸಿದರು. ಅವರಿಗೆ ಕೊನೆಪಕ್ಷ ನಿಲ್ಲಿಸುವ ಅಧಿಕಾರವಿತ್ತು. ಬೂತಿನ ಸಿಬ್ಬಂದಿಗೆ ಅದೂ ಇಲ್ಲ.

ಹಾಗಾದರೆ ಎಲ್ಲ ಫಾರ್ಮುಗಳನ್ನೂ ಕಷ್ಟ ಮಾಡಿಬಿಡೋಣವೇ? ಆ ಮಾತು ಹೇಳುವವರು ಅಫಜಲಪುರದ ಅಥವಾ ಜೇವರ್ಗಿಯ ಒಂದು ಹಳ್ಳಿಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಬೇಕು. 2023ರಲ್ಲಿ ಗೃಹಲಕ್ಷ್ಮಿ ಯೋಜನೆಗೆ ಹೆಸರು ಬರೆಸಲು ಬಂದ ಹೆಂಗಸರ ಪರವಾಗಿ ಗ್ರಾಮ ಒನ್ ಸೇವಾ ಕೇಂದ್ರದ ಹುಡುಗನೇ ಸಾಲಾಗಿ ಅರ್ಜಿ ತುಂಬಿದ. ಒಂದೇ ಕಂಪ್ಯೂಟರು, ಒಂದೇ ಕೈ, ಹೊತ್ತು ಮುಳುಗುವವರೆಗೂ ಫಾರ್ಮಿನ ಮೇಲೆ ಫಾರ್ಮು. ಯಂತ್ರದ ಕಣ್ಣಿಗೆ ಅದೂ ಅನುಮಾನಾಸ್ಪದವೇ. ಆದರೆ ಅದು ನ್ಯಾಯವಾದ ಕೆಲಸ. 2025ರ ಸೆಪ್ಟೆಂಬರಿನಲ್ಲಿ ಚುನಾವಣಾ ಆಯೋಗ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಕಳಿಸಿ ಇ-ಸಹಿ ಪಡೆಯುವ ವ್ಯವಸ್ಥೆ ತಂದಿತು. ಒಳ್ಳೆಯದು, ಆದರೆ ಅದು ಹೆಸರು ಸೇರಿಸುವ ಅರ್ಜಿಗೂ ಅನ್ವಯಿಸುತ್ತದೆ. ಮುದುಕಿಯ ಆಧಾರ್ ಜೋಡಿಸಿದ ಸಿಮ್ಮು ಪುಣೆಗೆ ದುಡಿಯಲು ಹೋದ ಮಗನ ಜೇಬಿನಲ್ಲಿದ್ದರೆ, ಒಟಿಪಿ ತಡೆದದ್ದು ಮೋಸಗಾರನನ್ನಲ್ಲ, ಅವಳನ್ನು. ಮೇಲಾಗಿ ಅದು ಕೇಳುವುದು ಅರ್ಜಿ ಹಾಕುವವನನ್ನು. ಯಾರ ಹೆಸರು ಹೋಗುತ್ತದೋ ಅವರಿಗೆ ಆ ಹೊತ್ತಿನಲ್ಲಿ ಫೋನು ಬರುವುದಿಲ್ಲ.

ಕೊಡಲು ಹಾಕುವ ಅರ್ಜಿಯನ್ನೂ ಕಸಿಯಲು ಹಾಕುವ ಅರ್ಜಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇ ಇಲ್ಲಿಯ ತಪ್ಪು. ಡೇಟಾಬೇಸಿಗೆ ಎರಡೂ ಒಂದೊಂದು ಸಾಲು. ಬದುಕಿಗೆ ಹಾಗಲ್ಲ. ತಪ್ಪಾಗಿ ಸೇರಿದ ಹೆಸರನ್ನು ಆಮೇಲೆ ತೆಗೆಯಬಹುದು. ತಪ್ಪಾಗಿ ಹೋದ ಹೆಸರು ಮತದಾನದ ದಿನ ಗೊತ್ತಾದರೆ ಆ ಚುನಾವಣೆ ಮುಗಿದಂತೆಯೇ. ಮತಪಟ್ಟಿ, ಪಡಿತರ ಚೀಟಿ, ಪಿಂಚಣಿ, ಪಹಣಿ, ಎಲ್ಲಕ್ಕೂ ಇದೇ ಮಾತು. ಸೇರಿಸುವ ಫಾರ್ಮು ಎಷ್ಟು ಬೇಕಾದರೂ ಹಗುರವಾಗಲಿ, ಗ್ರಾಮ ಒನ್‌ನ ಹುಡುಗನೇ ತುಂಬಲಿ. ತೆಗೆಯುವ ಫಾರ್ಮು ಮಾತ್ರ, ಹೆಸರಿನ ಒಡೆಯನನ್ನು ಒಬ್ಬ ಮನುಷ್ಯ ಮುಖತಃ ಕೇಳಿ ಬರುವವರೆಗೆ ಕಚೇರಿಯ ಪರದೆಯ ಮೇಲೆ ಕಾಣಲೇಬಾರದು. ಸರ್ಕಾರಕ್ಕೆ ಪೋರ್ಟಲ್ ಕಟ್ಟಿಕೊಡುವ ಪ್ರೋಗ್ರಾಮರುಗಳು ಇದನ್ನು ಟೆಂಡರಿನಲ್ಲಿ ಬರೆದಿಲ್ಲದಿದ್ದರೂ ಕೇಳಿ ಹಾಕಿಸಬೇಕು.