ದಾಸೋಹದ ಮುಂದಿನ ಪಂಕ್ತಿ



ದಾಸೋಹವೆಂಬ ಪದವು ನಮ್ಮ ನಾಲಗೆಗೆ ಎಷ್ಟು ರೂಢವಾಗಿದೆಯೆಂದರೆ ಅದರ ಅರ್ಥವನ್ನು ವಿಚಾರಿಸುವ ಗೋಜಿಗೇ ನಾವು ಹೋಗುವುದಿಲ್ಲ. ಜಾತ್ರೆಯ ದಿನ ಹುಗ್ಗಿ, ಅನ್ನ, ಸಾರು ಬಡಿಸಿದೆವೆಂದರೆ ದಾಸೋಹ ಮುಗಿಯಿತೆಂದು ತೃಪ್ತರಾಗುತ್ತೇವೆ. ‘ನಾನು ದಾಸನು’ ಎಂಬ ಭಾವವೇ ಆ ಪದದ ಹುರುಳು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದ ಪಂಕ್ತಿಯಲ್ಲಾದರೋ ಉಣ್ಣುವವನು ನೆಟ್ಟಗೆ ಕುಳಿತಿರುತ್ತಾನೆ, ಬಡಿಸುವವನು ಬಾಗಿರುತ್ತಾನೆ. ಶರಣರು ಈ ಬಾಗುವಿಕೆಯನ್ನೇ ಭಕ್ತಿಯೆಂದರು.

ನಮ್ಮ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ನೀಡುವ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿರುವುದನ್ನು ತಾವು ಬಲ್ಲಿರಿ. ಶರಣರ ಮಾತೊಂದು ಸರಕಾರದ ಕಡತದೊಳಕ್ಕೆ ಹೋಗಿಯೂ ತನ್ನ ಕಾಂತಿಯನ್ನು ಕಳೆದುಕೊಳ್ಳದಿರುವುದು ಸಂತೋಷದ ಸಂಗತಿ. ಆದರೆ ಆ ಯೋಜನೆಯು ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆಂದು ಬೆಳೆದುಬಂದುದು. ಹತ್ತನೆಯ ತರಗತಿಯನ್ನು ದಾಟಿ ಕಾಲೇಜಿನ ಮೆಟ್ಟಿಲ ಬಳಿ ನಿಂತ ಬಡಮನೆಯ ಮಗುವಿಗೆ ಮುಂದಿನ ಪಂಕ್ತಿಯನ್ನು ಹಾಕುವವರು ಯಾರು? ಇಂದಿನ ವಿಚಾರ ಇಷ್ಟೇ.

ಆ ಮಗುವು ಅಲ್ಲಿ ಏಕೆ ಮುಗ್ಗರಿಸುತ್ತದೆಂಬುದನ್ನು ಹತ್ತಿರದಿಂದ ನೋಡಬೇಕು. ಹಳ್ಳಿಯ ಶಾಲೆಯಲ್ಲಿ ಹತ್ತು ವರ್ಷ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದು, ಪದವಿಪೂರ್ವ ತರಗತಿಯ ವಿಜ್ಞಾನ ವಿಭಾಗಕ್ಕೆ ಸೇರಿದ ಹುಡುಗನನ್ನು ಭಾವಿಸಿರಿ. ಅಲ್ಲಿ ಪಾಠವು ಇಂಗ್ಲಿಷಿನಲ್ಲಿ. ಅವನು ‘ವೇಗೋತ್ಕರ್ಷ’ವನ್ನು ಬಲ್ಲನು, ಉಪನ್ಯಾಸಕರು ‘ಆಕ್ಸಿಲರೇಷನ್’ ಎನ್ನುತ್ತಾರೆ. ‘ದ್ಯುತಿಸಂಶ್ಲೇಷಣೆ’ಯ ಚಿತ್ರವನ್ನು ಕಣ್ಣು ಮುಚ್ಚಿ ಬರೆಯಬಲ್ಲನು, ‘ಫೋಟೋಸಿಂಥೆಸಿಸ್’ ಎಂದೊಡನೆ ತಬ್ಬಿಬ್ಬಾಗುತ್ತಾನೆ. ವಿಷಯ ತಿಳಿದಿದೆ, ಹೆಸರು ತಿಳಿಯದು. ಪಕ್ಕದ ಬೆಂಚಿನ ಪೇಟೆಯ ಹುಡುಗರು ಥಟ್ಟನೆ ಉತ್ತರಿಸುವುದನ್ನು ಕಂಡು ಇವನು ಬಾಯಿ ಮುಚ್ಚಿ ಕುಳಿತುಕೊಳ್ಳುತ್ತಾನೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕಗಳು ಕುಸಿಯುತ್ತವೆ. ತಾನು ದಡ್ಡನೆಂದು ಅವನೇ ತೀರ್ಮಾನಿಸಿಬಿಡುತ್ತಾನೆ, ಮನೆಯವರೂ ನಂಬುತ್ತಾರೆ. ದೀಪಾವಳಿಗೆ ಊರಿಗೆ ಬಂದವನು ಮರಳಿ ಹೋಗುವುದಿಲ್ಲ. ಸುಳ್ಳು ತೀರ್ಪೊಂದನ್ನು ಹೊತ್ತು ಒಂದು ಜೀವವು ಆಯುಷ್ಯವನ್ನು ಕಳೆಯುವುದೆಂದರೆ ಸಣ್ಣ ಮಾತೇ?

ಇನ್ನೊಂದು ತೊಡಕು ಕಾಗದಪತ್ರಗಳದು. ವೃತ್ತಿಶಿಕ್ಷಣದ ಸಿ.ಇ.ಟಿ. ಪ್ರವೇಶದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ನೂರಕ್ಕೆ 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5ರಷ್ಟು ಸ್ಥಾನಗಳ ಮೀಸಲನ್ನು ಸರಕಾರವು ಕಲ್ಪಿಸಿದೆ. ಹಕ್ಕು ಉಂಟು. ಆದರೆ ಓದಿದ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯ ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಇವು ಸಕಾಲದಲ್ಲಿ ಕೈಯಲ್ಲಿರಬೇಕೆಂದು ಹೇಳುವವರು ಆ ಮನೆಯಲ್ಲಿಲ್ಲ. ತಂದೆಯು ಕೂಲಿಗೆ ಹೋಗಿದ್ದಾನೆ. ತಾಯಿಗೆ ಆ ಕಚೇರಿಯ ಬಾಗಿಲೇ ತಿಳಿಯದು.

ಈ ಕಷ್ಟವು ನಮ್ಮ ನಾಡಿಗೇ ಮೀಸಲಾದುದಲ್ಲ. ಸಿರಿವಂತವೆನಿಸಿದ ಅಮೆರಿಕದಲ್ಲಿಯೂ 1965ರಲ್ಲಿ ‘ಅಪ್‌ವರ್ಡ್ ಬೌಂಡ್’ ಎಂಬ ಯೋಜನೆಯನ್ನು ಇದಕ್ಕಾಗಿಯೇ ಆರಂಭಿಸಿದರು. ಹೈಸ್ಕೂಲಿನಲ್ಲಿ ಓದುವ ಬಡ ಮಕ್ಕಳನ್ನು ಬೇಸಗೆಯಲ್ಲಿ ಕಾಲೇಜಿನ ಆವರಣಕ್ಕೇ ಕರೆತಂದು, ಗಣಿತ, ವಿಜ್ಞಾನ, ಬರವಣಿಗೆಗಳನ್ನು ಗಟ್ಟಿಮಾಡಿಸುವುದು ಅದರ ಕ್ರಮ. ನಾವು ಗಮನಿಸಬೇಕಾದುದು ಅವರು ಮಕ್ಕಳನ್ನು ಆಯ್ದ ಬಗೆ. ಮೂರರಲ್ಲಿ ಎರಡು ಪಾಲಿನಷ್ಟು ಮಕ್ಕಳು ಬಡವರಾಗಿರಬೇಕು. ಜೊತೆಗೆ ತಂದೆತಾಯಿಗಳು ಪದವಿ ಪಡೆಯದ ಮನೆಯವರೂ ಆಗಿರಬೇಕು ಎಂಬ ನಿಯಮವನ್ನಿಟ್ಟರು. ಹಣವಿಲ್ಲದಿರುವುದು ಒಂದು ಕೊರತೆ, ದಾರಿ ಕಂಡವರು ಮನೆಯಲ್ಲಿಲ್ಲದಿರುವುದು ಮತ್ತೊಂದು. ಮೊದಲನೆಯದನ್ನು ಹಣವು ತುಂಬೀತು. ಎರಡನೆಯದಕ್ಕೆ ಮನುಷ್ಯರೇ ಬೇಕು.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆ ಬರೆದಿಟ್ಟರು. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಧನಿಕರಾಗಿರಲಿಲ್ಲ, ಶಿಕ್ಷಕರಾಗಿದ್ದರು. 1933ರಲ್ಲಿ ಆ ಸಂಸ್ಥೆಯು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನಿಟ್ಟಿತು. ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ 1903ರಲ್ಲಿ ಛತ್ರವನ್ನು ತೆರೆದರು. ಅವರ ಧರ್ಮಸಂಸ್ಥೆಯ ನೆರಳಿನಲ್ಲಿ ಓದಿದವರು ಅಸಂಖ್ಯರು. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳಂತೂ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಅನ್ನ, ಅಕ್ಷರ, ಆಶ್ರಯಗಳನ್ನು ಒಂದೇ ಪೂಜೆಯ ಮೂರು ಅಂಗಗಳಂತೆ ನಡೆಸಿದರು. ಆ ಪ್ರಸಾದನಿಲಯದಲ್ಲಿ ಮಗುವಿನ ಜಾತಿಮತವನ್ನು ಎಣಿಸಲಿಲ್ಲ. ಎಣಿಸುವುದಾದರೂ ಹೇಗೆ? ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ತನ್ನ ಹಿರಿಯರೆಂದು ಬಸವಣ್ಣನು ಕರೆದುಕೊಂಡ ಮೇಲೆ, ನಮ್ಮವರು ಯಾರೆಂದು ಕೇಳುವ ಅಧಿಕಾರವೇ ನಮಗೆ ಉಳಿದಿಲ್ಲ. ಸಹಾಯದ ಮಾತು ಬಂದೊಡನೆ ಒಳಪಂಗಡವನ್ನು ವಿಚಾರಿಸುವ ಚಾಳಿಯು ಕೆಲವು ಗೃಹಸ್ಥರಲ್ಲಿ ಇನ್ನೂ ಇದೆ. ಅದು ವಿಭೂತಿಯ ಕೆಳಗೆ ಅಡಗಿದ ಮಸಿ.

ಕೊಡುವುದರಲ್ಲಿಯೂ ಅಳತೆಯುಂಟು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಪತಿಯನ್ನು ಕಳುಹಿಸಿದ ವೃತ್ತಾಂತವು ಸರ್ವವಿದಿತ. ಇಂದು ಜೂನ್ ತಿಂಗಳಲ್ಲಿ ಒಂದೇ ಹುಡುಗನಿಗೆ ಮೂರು ಸಂಘಗಳಿಂದ ಮೂರು ಚೀಲಗಳು ಬರುತ್ತವೆ. ನಾಲ್ಕು ನೋಟುಪುಸ್ತಕಗಳನ್ನು ಎಂಟು ಕೈಗಳು ಹಿಡಿದ ಭಾವಚಿತ್ರವೂ ಪ್ರಕಟವಾಗುತ್ತದೆ! ಡಿಸೆಂಬರಿನಲ್ಲಿ ಅವನ ಪರೀಕ್ಷಾ ಶುಲ್ಕವನ್ನು ಕಟ್ಟಲು ಒಂದು ಕೈಯೂ ಕಾಣಿಸದು. ಲಕ್ಕಮ್ಮನು ಇದ್ದಿದ್ದರೆ ಎರಡು ಚೀಲಗಳನ್ನು ಹಿಂದಕ್ಕೆ ಕಳುಹಿಸಿ ಶುಲ್ಕದ ಮಾತನ್ನೆತ್ತುತ್ತಿದ್ದಳು.

ಹೆಣ್ಣುಮಕ್ಕಳ ಸ್ಥಿತಿಯು ಇದಕ್ಕಿಂತ ಕಠಿನ. ಕಾಲೇಜು ಹೋಬಳಿಯ ಊರಿನಲ್ಲಿ, ಕೊನೆಯ ಬಸ್ಸು ಸಂಜೆಗೇ ಹೊರಟುಬಿಡುತ್ತದೆ, ಪ್ರಸಾದನಿಲಯಗಳಲ್ಲಿ ಹೆಚ್ಚಿನವು ಗಂಡುಮಕ್ಕಳಿಗೆಂದೇ ಕಟ್ಟಿದವು. ಅಕ್ಕಮಹಾದೇವಿಯ ಜಯಂತಿಯಂದು ತೊಟ್ಟಿಲು ತೂಗುವ ಮನೆಯವರೇ ಹದಿನಾರರ ಮಗಳಿಗೆ ‘ಓದಿದ್ದು ಸಾಕವ್ವ’ ಎನ್ನುತ್ತಾರೆ. ಅನುಭವಮಂಟಪದಲ್ಲಿ ಅಕ್ಕನಿಗೆ ಪ್ರಶ್ನೆಗಳು ಎದುರಾದವು, ಆಕೆ ಉತ್ತರಿಸಿದಳು, ಬಾಗಿಲು ಮುಚ್ಚಿರಲಿಲ್ಲ. ಪೇಟೆಯಲ್ಲಿ ದೊಡ್ಡ ಮನೆಯುಳ್ಳ ಭಕ್ತರು ಹಳ್ಳಿಯ ಇಬ್ಬರು ಹೆಣ್ಣುಮಕ್ಕಳಿಗೆ ಒಂದು ಕೋಣೆಯನ್ನು ಬಿಟ್ಟುಕೊಟ್ಟರೆ ಅದು ಯಾವ ಲಿಂಗಪೂಜೆಗೂ ಕಡಮೆಯಾಗದು.

ಮಾಡಬೇಕಾದ ಕೆಲಸವು ಹೆಚ್ಚು ಖರ್ಚಿನದಲ್ಲ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದು ಕಾಲೇಜು ತೆರೆಯುವ ನಡುವೆ ಏಪ್ರಿಲ್, ಮೇ ತಿಂಗಳುಗಳು ಬರಿದೇ ಕಳೆಯುತ್ತವೆ. ಆಗ ಮಠದ ಹಜಾರವೂ ಬೆಳಗಿನ ಹೊತ್ತು ಖಾಲಿ. ನಿವೃತ್ತ ಶಿಕ್ಷಕರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕಟ್ಟೆಯ ಮೇಲೆ ಕುಳಿತು ವೃತ್ತಪತ್ರಿಕೆಯ ಮಡಿಕೆಗಳನ್ನು ಎಣಿಸುತ್ತಿದ್ದಾರೆ. ಅವರು ದಿನಕ್ಕೆರಡು ಗಂಟೆ ಕುಳಿತು, ಹುಡುಗರು ಕನ್ನಡದಲ್ಲಿ ಕಲಿತ ಗಣಿತ ವಿಜ್ಞಾನಗಳ ಪದಗಳಿಗೆ ಇಂಗ್ಲಿಷಿನ ಹೆಸರುಗಳನ್ನು ಜೋಡಿಸಿಕೊಡಲಿ. ತ್ರಿಕೋನಮಿತಿ, ಬೀಜಗಣಿತಗಳನ್ನು ಮತ್ತೊಮ್ಮೆ ತಿದ್ದಿಸಲಿ. ಕಚೇರಿಯಲ್ಲಿ ಕೆಲಸ ಮಾಡುವ ಭಕ್ತರು ಒಂದು ಭಾನುವಾರ ಬಂದು ಅರ್ಜಿಗಳನ್ನು ತುಂಬುವ ಕ್ರಮವನ್ನು ತೋರಿಸಲಿ. ಈಗಾಗಲೇ ಪದವಿ ತರಗತಿಯಲ್ಲಿರುವ ಅದೇ ಊರಿನ ಹುಡುಗನೊಬ್ಬನು ಬಂದು ತನ್ನ ಮೊದಲ ವರ್ಷದ ಪಾಡನ್ನು ಹೇಳಿದರೆ ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಧೈರ್ಯ ಬರುತ್ತದೆ. ಹುಡುಗರಿಗೂ ಒಂದು ಮಾತು ತಿಳಿಸಬೇಕು: ಓದು ಅವರ ಕಾಯಕ. ಕಾಯಕವಿಲ್ಲದೆ ಮರಳಿ ಬಂದ ಲಿಂಗವನ್ನೂ ನುಲಿಯ ಚಂದಯ್ಯನು ಸುಮ್ಮನೆ ಒಪ್ಪಲಿಲ್ಲ.

ಮನೆಯಲ್ಲಿ ಬಡ ವಿದ್ಯಾರ್ಥಿಯನ್ನು ಇರಿಸಿಕೊಂಡಿರುವ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ. ಸಂಜೆ ಏಳರಿಂದ ಒಂಬತ್ತರವರೆಗೆ ಅವನನ್ನು ಅಂಗಡಿಗೆ ಅಟ್ಟಬೇಡಿರಿ. ಸಕ್ಕರೆ ತೀರಿದ್ದರೆ ಆ ಹೊತ್ತು ಬೆಲ್ಲದಲ್ಲಿ ಸಾಗಲಿ.